ಸತ್ಯವೇದ ಹೊತ್ತ ಹದ್ದು: ತೆಗೆಯಬೇಕೋ, ಇಡಬೇಕೋ?

ಪ್ರಶ್ನೆ: ಸರ್, ವಂದನೆಗಳು. ನಮ್ಮದು ಗದಗ ಜಿಲ್ಲೆಯ, ಬಾಸೆಲ್ ಮಿಷನ್ ಕಾಲದ ಹಳೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚು. ನಾನು ಸಭೆಯ ಕಮಿಟಿಯಲ್ಲಿದ್ದೇನೆ. ಚರ್ಚಿನೊಳಗೆ ಸಾಗವಾನಿಯ ಹಳೇ ಸಾಮಾನು ಇದೆ. ಸತ್ಯವೇದ ಓದುವ ಸ್ಟ್ಯಾಂಡು ರೆಕ್ಕೆ ಬಿಚ್ಚಿದ ಹದ್ದಿನ ಆಕಾರದಲ್ಲಿದೆ. ಕರ್ತನ ಭೋಜನದ ಮೇಜಿನ ಮುಂದಿನ ಹಲಗೆಯಲ್ಲಿ ಒಂದು ಹಕ್ಕಿ ತನ್ನ ಎದೆ ತಾನೇ ಕುಕ್ಕಿಕೊಳ್ಳುತ್ತಿದೆ, ರಕ್ತ ಸುರಿಯುತ್ತಿದೆ, ಕೆಳಗೆ ಮೂರು ಮರಿಗಳು. ಮೇಲೆ ಐ, ಎಚ್, ಎಸ್ ಎಂಬ ಅಕ್ಷರಗಳು. ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಗೆ ಎಂಟು ಮೂಲೆ. ಈಗ ನಮ್ಮ ಯುವಕರು ಮೊಬೈಲಿನಲ್ಲಿ ಏನೇನೋ ನೋಡಿ, ಹದ್ದು ಅಂದ್ರೆ ಗರುಡ, ಆ ಅಕ್ಷರಗಳು ಈಜಿಪ್ಟಿನ ದೇವರುಗಳದ್ದು, ತೊಟ್ಟಿ ವಾಸ್ತು ನೋಡಿ ಮಾಡಿದ್ದು, ಎಲ್ಲ ತೆಗೆದು ಗಾಜಿನ ಸ್ಟ್ಯಾಂಡ್ ಹಾಕೋಣ ಅಂತಿದ್ದಾರೆ. ಹಿರಿಯರು ಮುಟ್ಟಕೂಡದು ಅಂತಾರೆ. ಮೇಜಿನ ಕಾಲಿಗೆ ಹುಳ ಬೇರೆ ಹಿಡಿದಿದೆ. ಹದ್ದು ಮತ್ತು ಆ ರಕ್ತದ ಹಕ್ಕಿಯನ್ನು ಮಾತ್ರ ಕೆತ್ತಿ ತೆಗೆದು, ಉಳಿದದ್ದಕ್ಕೆ ಪಾಲಿಶ್ ಹೊಡೆಸಿದರೆ ಎರಡೂ ಕಡೆಯವರಿಗೆ ಸಮಾಧಾನ ಆಗಬಹುದು ಎನಿಸುತ್ತದೆ. ಏನು ಹೇಳುತ್ತೀರಿ? (ಹೆಸರು ಬೇಡ ಎಂದಿದ್ದಾರೆ. ಫೋಟೋಗಳ ಜೊತೆ ಬಂದ ಪತ್ರದ ಮುಖ್ಯ ಭಾಗ ಮಾತ್ರ ಇಲ್ಲಿದೆ)

ಉತ್ತರ: ಕೆತ್ತಿ ತೆಗೆಯುವುದೊಂದು ಬೇಡ. ಈ ವಾರ ಯಾರನ್ನೂ ಉಳಿ ಹಿಡಿದು ಚರ್ಚಿನ ಒಳಗೆ ಬಿಡಬೇಡಿ. ಉಳಿದ ಮಾತು ನಿಧಾನವಾಗಿ ಆಡೋಣ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಕ್ರೈಸ್ತನಲ್ಲ, ಧಾರವಾಡದ ಬಡಿಗರ ಮನೆಯವನು. ತೇರಿನ ಕೆಲಸ ಮಾಡಿದ್ದೇನೆ, ಗುಡಿಯ ಬಾಗಿಲು ಮಾಡಿದ್ದೇನೆ. ಇಪ್ಪತ್ತೈದು ವರ್ಷಗಳಿಂದ ಹಳೇ ಚರ್ಚುಗಳ ಪುಲ್ಪಿಟ್ಟು (ಬೋಧನೆ ಮಾಡುವ ಪೀಠ), ಮೇಜು, ಬೆಂಚು ರಿಪೇರಿ ಮಾಡುತ್ತಿದ್ದೇನೆ. ಆದ್ದರಿಂದ ನಿಮ್ಮ ಪ್ರಶ್ನೆಯ ಒಂದು ಭಾಗಕ್ಕೆ ನನಗಿಂತ ಸರಿಯಾದ ಸಾಕ್ಷಿ ನಿಮಗೆ ಸಿಗಲಿಕ್ಕಿಲ್ಲ. ಗರುಡನನ್ನು ಈ ಕೈಯಿಂದಲೇ ಕೆತ್ತಿದ್ದೇನೆ.

ನಮ್ಮ ಕಡೆಯ ಗುಡಿಗಳಲ್ಲಿ, ತೇರುಗಳಲ್ಲಿ ಗರುಡ ಅಂದ್ರೆ ಸಾಮಾನ್ಯವಾಗಿ ಮನುಷ್ಯನ ಮೈ. ಬೆನ್ನಿಗೆ ರೆಕ್ಕೆ, ಕೊಕ್ಕಿನಂಥ ಮೂಗು, ಕಿರೀಟ, ಮುಗಿದ ಕೈ. ಮೈಮೇಲೆ ಹಾವುಗಳ ಒಡವೆ. ಮಂಡಿಯೂರಿರುತ್ತಾನೆ, ಇಲ್ಲವೇ ವಿಷ್ಣುವನ್ನು ಹೊತ್ತಿರುತ್ತಾನೆ. ನೀವು ಕಳಿಸಿದ ಫೋಟೋದಲ್ಲಿ ಇರುವುದು ಅಪ್ಪಟ ಹಕ್ಕಿ. ಒಂದು ಗುಂಡಿನ ಮೇಲೆ ನಿಂತಿದೆ, ರೆಕ್ಕೆ ಹಿಂದಕ್ಕೆ ಚಾಚಿದೆ, ಆ ರೆಕ್ಕೆಯ ಮೇಲೆ ಪುಸ್ತಕ ಕೂರುತ್ತದೆ. ಕೈ ಇಲ್ಲ, ಕಿರೀಟ ಇಲ್ಲ, ಹಾವು ಇಲ್ಲ. ರೆಕ್ಕೆ ಇದ್ದದ್ದೆಲ್ಲ ಗರುಡ ಅನ್ನುವುದಾದರೆ, ಸರ್ಕಾರಿ ಬಸ್ಸಿನ ಮೇಲಿನ ಗಂಡಭೇರುಂಡಕ್ಕೂ ಕೈ ಮುಗಿಯಬೇಕಾಗುತ್ತದೆ ಅಲ್ವಾ?

ಹಾಗಾದರೆ ಆ ಹದ್ದು ಅಲ್ಲೇಕೆ ಬಂತು? ಇದರ ಬೇರು ನಿಮ್ಮ ಸತ್ಯವೇದದಲ್ಲೇ ಇದೆ. ಯೆಹೆಜ್ಕೇಲನ ಮೊದಲ ಅಧ್ಯಾಯದಲ್ಲಿ ಮನುಷ್ಯ, ಸಿಂಹ, ಎತ್ತು, ಹದ್ದು ಎಂಬ ನಾಲ್ಕು ಮುಖಗಳು ಬರುತ್ತವೆ. ಪ್ರಕಟನೆಯ ನಾಲ್ಕನೇ ಅಧ್ಯಾಯದಲ್ಲಿ ಸಿಂಹಾಸನದ ಸುತ್ತ ಅಂಥವೇ ನಾಲ್ಕು ಜೀವಿಗಳು. ಯೇಸುವಿನ ಜೀವನ ಹೇಳುವ ಸುವಾರ್ತೆಗಳೂ ನಾಲ್ಕೇ. ಎರಡನೇ ಶತಮಾನದ ಕೊನೆಯಲ್ಲೇ ಐರೇನಿಯಸ್ ಎಂಬ ಬಿಷಪ್ ಈ ನಾಲ್ಕಕ್ಕೂ ಆ ನಾಲ್ಕಕ್ಕೂ ಗಂಟು ಹಾಕಿದರು. ಯಾರಿಗೆ ಯಾವುದು ಅನ್ನುವುದು ಆಗ ಸ್ವಲ್ಪ ಬೇರೆ ಇತ್ತು. ಐರೇನಿಯಸ್ ಹದ್ದನ್ನು ಕೊಟ್ಟಿದ್ದು ಮಾರ್ಕನಿಗೆ. ಮುಂದೆ ಜೆರೋಮ್ ಎಂಬ ಸತ್ಯವೇದ ಪಂಡಿತರು ಹೇಳಿದ ಕ್ರಮ ಗಟ್ಟಿಯಾಯಿತು: ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೋಹಾನನಿಗೆ ಹದ್ದು. ಹದ್ದು ಎಲ್ಲಕ್ಕಿಂತ ಎತ್ತರ ಹಾರುತ್ತದೆ, ಸೂರ್ಯನನ್ನು ಕಣ್ಣು ಮುಚ್ಚದೆ ನೋಡುತ್ತದೆ ಎಂದು ಹಿಂದಿನವರು ನಂಬಿದ್ದರು. ಬೇರೆ ಸುವಾರ್ತೆಗಳು ವಂಶಾವಳಿಯಿಂದಲೋ, ಅಡವಿಯ ಕೂಗಿನಿಂದಲೋ, ದೇವಾಲಯದ ಯಾಜಕನಿಂದಲೋ ಶುರುವಾದರೆ, ಯೋಹಾನನದು ಒಂದೇ ಏಟಿಗೆ "ಆದಿಯಲ್ಲಿ ವಾಕ್ಯವಿತ್ತು" ಎಂದು ಮೇಲಕ್ಕೆ ಹಾರುತ್ತದೆ. ಅದಕ್ಕೇ ಅವನಿಗೆ ಹದ್ದು. ವಾಕ್ಯದ ಸುವಾರ್ತಿಕನ ಹಕ್ಕಿಯೇ ವಾಕ್ಯ ಓದುವ ಪುಸ್ತಕವನ್ನು ಹೊತ್ತಿತು. ಕಾಲ ಕೆಳಗಿನ ಗುಂಡು ಭೂಮಿ. ವಾಕ್ಯ ಲೋಕದ ಮೇಲೆಲ್ಲ ಹಾರಲಿ ಅಂತ.

ಒಂದು ಮಾತು ಮಾತ್ರ ನಿಮ್ಮ ಯುವಕರ ಪರವಾಗಿ ಹೇಳಲೇಬೇಕು. ನಿಮ್ಮ ಸಭೆ ಬಾಸೆಲ್ ಮಿಷನ್ ಕಾಲದ್ದು ಎಂದು ಬರೆದಿದ್ದೀರಿ. ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅವರು ಹೊರಟು ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲಕ್ಕೆ, 1529ರಲ್ಲಿ ಜನ ದೊಡ್ಡ ಚರ್ಚಿಗೆ ನುಗ್ಗಿ ಮೂರ್ತಿಗಳನ್ನು ಒಡೆದು ಹಾಕಿದ್ದರು, ಮರದವುಗಳನ್ನು ಸುಟ್ಟಿದ್ದರು. ಆ ಪರಂಪರೆಯವರು ಕಟ್ಟಿಸಿದ ಚರ್ಚುಗಳು ಒಳಗೆ ಬಹಳ ಸಾದಾ. ಸುಣ್ಣದ ಗೋಡೆ, ಒಂದು ಮೇಜು, ಒಂದು ಪುಲ್ಪಿಟ್ಟು, ಬೆಂಚುಗಳು. ನಾನು ಕೈ ಹಾಕಿದ ಅಂಥ ಚರ್ಚುಗಳಲ್ಲಿ ಹದ್ದು ಕಂಡಿದ್ದೇ ಅಪರೂಪ. ಅಂದರೆ ಚಿತ್ರ, ಮೂರ್ತಿ ಕಂಡರೆ ಮುಜುಗರಪಡುವುದು ಮೊಬೈಲಿನಿಂದ ನಿನ್ನೆ ಬಂದ ಬುದ್ಧಿಯಲ್ಲ. ಅದು ನಿಮ್ಮ ಸಭೆಯ ಹಳೇ ರಕ್ತ. ಹಿರಿಯರು ಇದನ್ನು ಒಪ್ಪಿಕೊಂಡರೆ ಅರ್ಧ ಜಗಳ ಇಳಿಯುತ್ತದೆ.

ಹದ್ದಿನ ಸ್ಟ್ಯಾಂಡು ಹೆಚ್ಚಾಗಿ ಇಂಗ್ಲಿಷರ ರೂಢಿ. ಇಂಗ್ಲೆಂಡಿನಲ್ಲಿ ಹಿತ್ತಾಳೆಯದ್ದು ಜಾಸ್ತಿ. ಹತ್ತೊಂಬತ್ತನೇ ಶತಮಾನದಲ್ಲಿ ಆ ರೂಢಿ ಮತ್ತೆ ಜೋರಾಯಿತು. ನಮ್ಮ ಕಡೆ ಸಾಹೇಬರಿಗೆ, ರೈಲ್ವೆಯವರಿಗೆ ಬೇರೆ ಚರ್ಚುಗಳಿದ್ದವು. 1947ರಲ್ಲಿ ಹುಟ್ಟಿದ ಸಿಎಸ್‌ಐಗೆ ಸೇರಿದ ಮೇಲೆ ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಚರ್ಚಿನವರ ರೀತಿಯೂ ಒಳಗೆ ಬಂತು. ನಿಮ್ಮ ಹದ್ದು ಅಂಥ ಯಾವುದೋ ಕಡೆಯಿಂದ ಕಾಣಿಕೆಯಾಗಿ ಬಂದಿರಬಹುದು ಎಂದು ನನ್ನ ಊಹೆ. ಊಹೆ ಯಾಕೆ, ನೋಡಿಯೇ ಬಿಡಿ. ಇಬ್ಬರು ಹಿಡಿದು ಸ್ಟ್ಯಾಂಡನ್ನು ಮೆಲ್ಲಗೆ ಮಲಗಿಸಿ, ತಳ ನೋಡಿ. ಪೀಠದ ಹಿಂಬದಿ ನೋಡಿ. ಸಣ್ಣ ಹಿತ್ತಾಳೆ ಪಟ್ಟಿ, ಪೆನ್ಸಿಲ್ಲಿನ ಗುರುತು, ಕಾರ್ಖಾನೆಯ ಮುದ್ರೆ, ಏನಾದರೂ ಸಿಕ್ಕೀತು. ಬಣ್ಣದ ಕೆಳಗೂ ಇರುತ್ತವೆ. ಸಿಕ್ಕಿದ್ದನ್ನು ಫೋಟೋ ತೆಗೆದಿಡಿ. ಸಭೆಯ ಹಳೇ ದಫ್ತರದಲ್ಲಿ ಕಾಣಿಕೆಗಳ ಪಟ್ಟಿ ಇದ್ದರೆ ಅದನ್ನೂ ತೆಗೆಸಿ.

ಈಗ ರಕ್ತದ ಹಕ್ಕಿಗೆ ಬರೋಣ. ನಿಮ್ಮ ಯುವಕರಲ್ಲೊಬ್ಬರು ಇದನ್ನು "ರಕ್ತ ಕುಡಿಯುವ ಹಕ್ಕಿ" ಎಂದರಂತೆ. ಉಲ್ಟಾ. ಅದು ರಕ್ತ ಕೊಡುವ ಹಕ್ಕಿ. ಹೆಸರು ಪೆಲಿಕನ್, ನಮ್ಮ ಕನ್ನಡದಲ್ಲಿ ಹೆಜ್ಜಾರ್ಲೆ. ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳಲ್ಲಿ ಗ್ರೀಕ್ ಭಾಷೆಯಲ್ಲಿ ಪ್ರಾಣಿಗಳ ಕತೆಗಳ ಒಂದು ಪುಸ್ತಕ ಬಂತು, 'ಫಿಸಿಯೋಲೋಗಸ್' ಅಂತ. ಅದರ ಕತೆ ಹೀಗಿದೆ: ಮರಿಗಳು ಬೆಳೆಯುತ್ತ ತಂದೆ ತಾಯಿಯ ಮುಖಕ್ಕೇ ಹೊಡೆಯುತ್ತವೆ. ಅವು ತಿರುಗಿ ಹೊಡೆದಾಗ ಮರಿಗಳು ಸಾಯುತ್ತವೆ. ಮೂರನೇ ದಿನ ತಾಯಿ ತನ್ನ ಪಕ್ಕೆ ಸೀಳಿ ರಕ್ತ ಸುರಿಸುತ್ತಾಳೆ, ಮರಿಗಳು ಎದ್ದು ಕೂರುತ್ತವೆ. ಮೂರನೇ ದಿನ, ಪಕ್ಕೆಯ ಗಾಯ, ರಕ್ತದಿಂದ ಜೀವ. ಇದು ಯಾರ ಕತೆ ಎಂದು ನಿಮಗೆ ನಾನು ಹೇಳಬೇಕೇ? ಮುಂದೆ ಜನರ ಬಾಯಲ್ಲಿ ಕತೆ ಸಣ್ಣದಾಯಿತು: ಬರದಲ್ಲಿ ಹಸಿದ ಮರಿಗಳಿಗೆ ತಾಯಿ ತನ್ನ ಎದೆಯ ರಕ್ತ ಉಣಿಸಿದಳು. ಹದಿಮೂರನೇ ಶತಮಾನದ ದೇವಶಾಸ್ತ್ರ ಪಂಡಿತ ಥಾಮಸ್ ಅಕ್ವಿನಾಸರ ಹೆಸರಿನಲ್ಲಿರುವ ಒಂದು ಲ್ಯಾಟಿನ್ ಗೀತೆಯಲ್ಲಿ ಯೇಸುವನ್ನು ಪೆಲಿಕನ್ ಎಂದೇ ಕರೆದಿದ್ದಾರೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಮೇಜಿನ ಮೇಲೆ ಈ ಹಕ್ಕಿ ಇರುವುದು ಅದಕ್ಕೇ. ಬೇರೆಲ್ಲೂ ಇಟ್ಟಿದ್ದರೆ ಅಷ್ಟು ಅರ್ಥ ಬರುತ್ತಿರಲಿಲ್ಲ.

ನಿಜವಾದ ಹೆಜ್ಜಾರ್ಲೆ ಹೀಗೆಲ್ಲ ಮಾಡುವುದಿಲ್ಲ. ಮಂಡ್ಯ ಕಡೆಯ ಕೊಕ್ಕರೆ ಬೆಳ್ಳೂರಿಗೆ ಹೋದರೆ ನೀವೇ ನೋಡಬಹುದು. ಗಂಟಲಿನ ಚೀಲದಲ್ಲಿ ಮೀನು ತಂದು, ಕೊಕ್ಕನ್ನು ಎದೆಗೆ ಒತ್ತಿಕೊಂಡು ಕಕ್ಕುತ್ತದೆ. ಮರಿಗಳು ಆ ಚೀಲಕ್ಕೇ ತಲೆ ತೂರಿಸುತ್ತವೆ. ದೂರದಿಂದ ಕಂಡವರಿಗೆ ಎದೆ ಕುಕ್ಕಿಕೊಂಡ ಹಾಗೆ ಕಂಡಿರಬೇಕು. ಯುರೋಪಿನ ಕೆತ್ತನೆಗಾರರಲ್ಲಿ ಎಷ್ಟೋ ಜನ ಈ ಹಕ್ಕಿಯನ್ನೇ ಕಂಡವರಲ್ಲ. ಹಾಗಾಗಿ ಕೊಕ್ಕು ಹದ್ದಿನದು, ಕುತ್ತಿಗೆ ಹಂಸದ್ದು. ನಿಮ್ಮ ಮೇಜಿನ ಹಕ್ಕಿಯೂ ಹಾಗೇ ಇದೆ. ಮಾಗಡಿ ಕೆರೆಯ ಹೆಬ್ಬಾತುಗಳನ್ನು ನೋಡಿ ಬೆಳೆದ ಗದಗಿನ ಯಾವ ಹುಡುಗನಿಗೂ ಇದು ಯಾವ ಹಕ್ಕಿ ಎಂದು ತಿಳಿಯದಿದ್ದರೆ ತಪ್ಪು ಅವನದಲ್ಲ.

ಅಕ್ಷರಗಳ ವಿಷಯ ಬೇಗ ಮುಗಿಸುತ್ತೇನೆ. ಅವು ಇಂಗ್ಲಿಷ್ ಅಕ್ಷರಗಳೇ ಅಲ್ಲ. ಯೇಸುವಿನ ಹೆಸರನ್ನು ಗ್ರೀಕಿನಲ್ಲಿ ಬರೆದರೆ ಬರುವ ಮೊದಲ ಮೂರು ಅಕ್ಷರ: ಅಯೋಟಾ, ಈಟಾ, ಸಿಗ್ಮಾ. ನಡುವಿನ ಈಟಾ ನೋಡಲು ಎಚ್ ಥರ ಇದೆ, ಅಷ್ಟೇ. ಕೈಬರಹದ ಕಾಲದಲ್ಲಿ ಪವಿತ್ರ ಹೆಸರುಗಳನ್ನು ಮೊಟಕು ಮಾಡಿ ಬರೆದು ಮೇಲೊಂದು ಗೆರೆ ಎಳೆಯುತ್ತಿದ್ದರು. ಹದಿನೈದನೇ ಶತಮಾನದಲ್ಲಿ ಇಟಲಿಯ ಸಿಯೆನಾದ ಬರ್ನಾರ್ಡಿನೋ ಎಂಬ ಬೋಧಕರು ಇದನ್ನು ಸೂರ್ಯನ ಕಿರಣಗಳ ನಡುವೆ ಬರೆಸಿ ಊರೂರಿಗೆ ಒಯ್ದರು. ಆಮೇಲೆ ಜೆಸ್ವಿಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದವರು ಅದನ್ನೇ ತಮ್ಮ ಗುರುತು ಮಾಡಿಕೊಂಡರು. "ಮನುಷ್ಯರ ರಕ್ಷಕ ಯೇಸು" ಎಂಬ ಲ್ಯಾಟಿನ್ ಅರ್ಥ ಆಮೇಲೆ ಹೊಸೆದದ್ದು. ಅದೂ ಚೆಂದವೇ ಇದೆ. ಈಸಿಸ್, ಹೋರಸ್, ಸೆಬ್ ಎಂಬ ಈಜಿಪ್ಟಿನ ಕತೆ ಮಾತ್ರ ಸುಮ್ನೆ ಕಟ್ಟಿದ್ದು.

ತೊಟ್ಟಿಯ ಎಂಟು ಮೂಲೆಗೂ ವಾಸ್ತುವಿಗೂ ಸಂಬಂಧವಿಲ್ಲ. ವಾರಕ್ಕೆ ಏಳು ದಿನ. ಏಳನೆಯದು ಸಬ್ಬತ್, ಅದರ ಮರುದಿನ ಯೇಸು ಎದ್ದದ್ದು. ಅದನ್ನು ಎಂಟನೇ ದಿನ, ಹೊಸ ಸೃಷ್ಟಿಯ ದಿನ ಎಂದು ಎಣಿಸಿದರು. ನೋಹನ ನಾವೆಯಲ್ಲಿ ನೀರಿನಿಂದ ಉಳಿದವರೂ ಎಂಟೇ ಜನ. ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯ ಅದನ್ನೇ ದೀಕ್ಷಾಸ್ನಾನಕ್ಕೆ ಹೋಲಿಸುತ್ತದೆ. ರೋಮಿನ ಲ್ಯಾಟರನ್ ದೀಕ್ಷಾಸ್ನಾನ ಗೃಹ ಐದನೇ ಶತಮಾನದ್ದು, ಅದಕ್ಕೂ ಎಂಟು ಮೂಲೆ. ಆದರೆ ಎಲ್ಲದಕ್ಕೂ ಅರ್ಥ ಹುಡುಕುವ ಚಟವೂ ಒಳ್ಳೆಯದಲ್ಲ. ನಮ್ಮ ಕಡೆಯ ಕಲ್ಲುಕುಟಿಗರಿಗೆ ಚೌಕದ ಮೂಲೆ ಹೊಡೆದು ಎಂಟು ಮುಖ ಮಾಡುವುದು ದಿನದ ಕೆಲಸ, ಗುಡಿಯ ಕಂಬಗಳಲ್ಲಿ ಬೇಕಾದಷ್ಟಿವೆ. ಪಾದ್ರಿಯವರು ಅರ್ಥ ಹೇಳಿರಬಹುದು, ಕುಟಿಗನಿಗೆ ಅದು ಸುಲಭದ ಆಕಾರವಾಗಿತ್ತು. ನಿಮ್ಮ ಮೇಜಿನ ಅಂಚಿಗೆ ಇರುವ ನಾಲ್ಕೆಸಳಿನ ಹೂವಿಗೂ ನನ್ನನ್ನು ಅರ್ಥ ಕೇಳಿದ್ದೀರಿ. ದ್ರಾಕ್ಷಿ ಬಳ್ಳಿಗೆ ಅರ್ಥವಿದೆ, ಯೋಹಾನ ಹದಿನೈದನೇ ಅಧ್ಯಾಯ. ಹೂವು ಜಾಗ ತುಂಬಲು ಹಾಕಿದ್ದು. ನಾವು ಬಡಿಗರು ಖಾಲಿ ಹಲಗೆ ಕಂಡರೆ ಸುಮ್ಮನಿರುವವರಲ್ಲ. ಪುಲ್ಪಿಟ್ಟಿನ ಮೇಲಿನ ಛತ್ರಿಯೂ ಮಂಟಪವಲ್ಲ. ಮೈಕ್ ಇಲ್ಲದ ಕಾಲದಲ್ಲಿ ದನಿ ಮೇಲೆ ಹಾರಿಹೋಗದೆ ಜನರ ಕಡೆ ಬರಲಿ ಎಂದು ಹಾಕಿದ ಹಲಗೆ.

ಇಷ್ಟಾದರೂ ಯುವಕರು ಒಂದು ಪ್ರಶ್ನೆ ಕೇಳಬಹುದು: ಅರ್ಥ ಏನೇ ಇರಲಿ, ವಿಗ್ರಹ ಮಾಡಬೇಡ ಎಂದು ಆಜ್ಞೆ ಇದೆಯಲ್ಲ? ಇದಕ್ಕೆ ನಾನು ಉತ್ತರ ಹೇಳುವವನಲ್ಲ. ಬಹಳ ಹಿಂದೆ ಒಂದು ಚರ್ಚಿನಲ್ಲಿ ಕೆಲಸ ಮಾಡುವಾಗ ಇದೇ ಜಗಳ ನಡೆದಿತ್ತು. ಅಲ್ಲಿನ ವಯಸ್ಸಾದ ಸಭಾಪಾಲಕರು ನನ್ನ ಕೆಲಸದ ಹಲಗೆಯ ಮೇಲೇ ಸತ್ಯವೇದ ಬಿಚ್ಚಿ, ಕಮಿಟಿಯವರಿಂದ ಎರಡು ಕಡೆ ಓದಿಸಿದರು. ಅರಣ್ಯಕಾಂಡ ಇಪ್ಪತ್ತೊಂದರಲ್ಲಿ ದೇವರೇ ಹೇಳಿ ಮೋಶೆಯಿಂದ ತಾಮ್ರದ ಹಾವು ಮಾಡಿಸುತ್ತಾನೆ. ಎರಡನೇ ಅರಸುಗಳು ಹದಿನೆಂಟರಲ್ಲಿ ಅದೇ ಹಾವನ್ನು ಹಿಜ್ಕೀಯ ಅರಸ ಒಡೆದು ಹಾಕುತ್ತಾನೆ, ಯಾಕಂದರೆ ಜನ ಅದಕ್ಕೆ ಧೂಪ ಹಾಕಲು ಶುರು ಮಾಡಿದ್ದರು. ವಸ್ತು ಒಂದೇ. ಮಾಡಿಸಿದ್ದೂ ಸರಿ, ಒಡೆದದ್ದೂ ಸರಿ. ಆಮೇಲೆ ಅವರು ಕಮಿಟಿಯವರನ್ನು ಕೇಳಿದರು: "ಈ ಹದ್ದಿಗೆ ನಮ್ಮಲ್ಲಿ ಯಾರಾದರೂ ಊದಿನಕಡ್ಡಿ ಹಚ್ಚುತ್ತೀರೇನು?" ಯಾರೂ ಮಾತಾಡಲಿಲ್ಲ. ನಿಮ್ಮ ಸಭೆಯಲ್ಲೂ ಮೊದಲು ಇದನ್ನೇ ಕೇಳಿ. ಯಾರಾದರೂ ಹದ್ದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರೆ ಯುವಕರ ಮಾತಿಗೆ ಬೇರೆಯೇ ತೂಕ ಬರುತ್ತದೆ, ಆಗ ಸಭಾಪಾಲಕರು ಕೂತು ಮಾತಾಡಬೇಕು.

ಇನ್ನು ಏನು ಮಾಡಬಹುದು?

ಕೆತ್ತಿ ತೆಗೆಯುವುದು ಏಕೆ ಬೇಡ ಅಂದೆನೆಂದರೆ, ಹದ್ದಿನ ರೆಕ್ಕೆಯೇ ಪುಸ್ತಕದ ಆಸರೆ. ರೆಕ್ಕೆ ಹೋದರೆ ಉಳಿಯುವುದು ಒಂದು ಗೂಟ. ಪೆಲಿಕನ್ ಇರುವ ಹಲಗೆ ಚೌಕಟ್ಟಿನೊಳಗೆ ಕೂರಿಸಿದ್ದು. ಕೆತ್ತುತ್ತ ಹೋದರೆ ತೆಳ್ಳಗಾಗಿ ಬಿರುಕು ಬಿಡುತ್ತದೆ. ನಾಳೆ ಮನಸ್ಸು ಬದಲಾದರೆ ವಾಪಸ್ ಹಚ್ಚಲು ಆಗುವುದಿಲ್ಲ. ಸಮಾಧಾನವೂ ಸಿಗುವುದಿಲ್ಲ. ಹಿರಿಯರ ಕಣ್ಣಿಗೆ ಪ್ರತಿ ಭಾನುವಾರ ಆ ಗಾಯವೇ ಕಾಣುತ್ತದೆ.

ಗಾಜಿನ ಸ್ಟ್ಯಾಂಡ್ ಹಾಕಿಸುವುದರಲ್ಲಿ ನನಗೆ ತಕರಾರಿಲ್ಲ. ಮೈಕ್ ವೈರಿಗೆ, ಪ್ರೊಜೆಕ್ಟರಿಗೆ ಅದು ಅನುಕೂಲ. ಆದರೆ ಹಳೆಯದನ್ನು ಎಲ್ಲಿಡುತ್ತೀರಿ ಅನ್ನುವುದು ಮುಖ್ಯ. "ಸದ್ಯಕ್ಕೆ" ಎಂದು ಹಿಂದಿನ ಕೋಣೆಗೆ ಹೋದ ಸಾಮಾನು ಹತ್ತು ವರ್ಷದಲ್ಲಿ ಗೆದ್ದಲಿನ ಪಾಲಾಗಿದ್ದು ಬಹಳ ನೋಡಿದ್ದೇನೆ. ಸರಿಸಲೇಬೇಕೆಂದರೆ ಒಳಗೇ, ಜನ ಓಡಾಡುವ ಗೋಡೆ ಬದಿಯಲ್ಲಿ ಇಡಿ. ಪಕ್ಕದಲ್ಲಿ ನಾಲ್ಕು ಸಾಲು ಬರೆದು ಹಾಕಿ. ಗುಡ್ ಫ್ರೈಡೆ, ಕ್ರಿಸ್ಮಸ್‌ಗೆ ಅದರ ಮೇಲೆ ಓದಿ. ಎರಡು ಕಡೆಯವರೂ ಒಪ್ಪಬಹುದಾದ ದಾರಿ ನನಗೆ ಇದೇ ಕಾಣುತ್ತದೆ.

ಮಾರುವ ಮಾತು ಬಂದರೆ ಹುಷಾರು. ಚರ್ಚಿನ ಸಾಮಾನು ಕಮಿಟಿಯ ಮನೆ ಸಾಮಾನಲ್ಲ. ಡಯಾಸಿಸ್‌ನ (ಬಿಷಪ್ಪರ ಆಡಳಿತದ) ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಕೆತ್ತನೆಯ ವಸ್ತು ನೂರು ವರ್ಷ ದಾಟಿದ್ದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅದಕ್ಕೆ ತಾಗಬಹುದು. ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗೇ ಇಲ್ಲ. ಹಳೇ ಸಾಗವಾನಿ ಎಂದು ಮನೆಬಾಗಿಲಿಗೆ ಬಂದು ಕೇಳುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ನಿಮಗೆ ಹೇಳುವುದಿಲ್ಲ ಅಷ್ಟೇ.

ಕೊನೆಗೆ ಹುಳದ ವಿಷಯ. ಇದು ನನಗೆ ಹದ್ದಿನ ಜಗಳಕ್ಕಿಂತ ಅರ್ಜೆಂಟ್ ಎನಿಸುತ್ತದೆ. ಕಾಲಿನ ಮೇಲೆ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಸೂಜಿ ತೂತಿನಷ್ಟು ರಂಧ್ರ, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕೊರೆಯುವ ಹುಳ. ಎರಡಕ್ಕೂ ಮದ್ದು ಬೇರೆ. ಪುಡಿಯನ್ನು ಒರೆಸಿ, ಕೆಳಗೆ ಕರಿ ಕಾಗದ ಹಾಸಿ, ಎರಡು ವಾರ ಬಿಟ್ಟು ನೋಡಿ. ಮತ್ತೆ ಬಿದ್ದಿದ್ದರೆ ಹುಳ ಇನ್ನೂ ಇರಬಹುದು. ಸಾಗವಾನಿಯ ಒಳತಿರುಳನ್ನು ಗೆದ್ದಲು ಅಷ್ಟು ಸುಲಭಕ್ಕೆ ತಿನ್ನದು. ತಿನ್ನುವುದು ಅಂಚಿನ ಬಿಳಿ ಮರ, ಇಲ್ಲವೇ ನಡುವೆ ಯಾರೋ ರಿಪೇರಿಗೆ ಹಾಕಿದ ಅಗ್ಗದ ಕಟ್ಟಿಗೆ. ಹಾಗಾಗಿ ಪೂರ್ತಿ ಮೇಜು ಹೋಗಿರಲಿಕ್ಕಿಲ್ಲ. ಹಾಳಾದ ಕಾಲಿನ ತುದಿಯಷ್ಟೇ ಕತ್ತರಿಸಿ ಹಳೇ ಸಾಗವಾನಿಯ ತುಂಡು ಕೂಡಿಸಬಹುದು. ಶಹಾಬಾದ್ ಕಲ್ಲಿನ ನೆಲದ ತೇವ ಮೇಲೇರದಂತೆ ಕಾಲಿನ ಕೆಳಗೆ ಸೀಸದ ಹಾಳೆಯನ್ನೋ ಗ್ರಾನೈಟ್ ಬಿಲ್ಲೆಯನ್ನೋ ಇಡಿಸಿ. ಡೀಸೆಲ್, ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ಕಲೆ ಹೋಗುವುದಿಲ್ಲ, ಅದೂ ಮೇಣದಬತ್ತಿ ಉರಿಯುವ ಜಾಗ.

ಪಾಲಿಶ್‌ಗೆ ಮೊದಲು ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಮೇಜಿನ ಒಳಬದಿಯಲ್ಲಿ ಒತ್ತಿ ನೋಡಿ. ಅಂಟಂಟಾಗಿ ಬಣ್ಣ ಬಂದರೆ ಅದು ಅರಗಿನ ಹಳೇ ಪಾಲಿಶ್. ಅದನ್ನು ಕೆರೆಯಬೇಕಿಲ್ಲ, ಸ್ವಚ್ಛ ಮಾಡಿ ಅದರ ಮೇಲೇ ಅರಗು ಎಳೆಯಬಹುದು. ಮೆಲಮೈನ್ (ಹೊಳಪಿನ ರಾಸಾಯನಿಕ ಪಾಲಿಶ್) ಹೊಡೆಯೋಣ, ಮಷೀನ್ ಹಾಕಿ ತಿಕ್ಕೋಣ ಅನ್ನುವವರಿಗೆ ಕೆಲಸ ಕೊಡಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹೊಸದರಲ್ಲಿ ಒಂದು ಸಭೆಯ ಮೇಜಿಗೆ ಮಷೀನ್ ಹಾಕಿ ಅರ್ಧ ದಿನದಲ್ಲಿ ಫಳಫಳ ಮಾಡಿಬಿಟ್ಟೆ, ಬೆನ್ನು ತಟ್ಟಿಸಿಕೊಂಡೆ. ವರ್ಷ ಕಳೆದ ಮೇಲೆ ಒಬ್ಬ ಅಜ್ಜಿ ಬಂದು, ಮೇಜಿನ ಅಂಚಿನಲ್ಲಿ ತನ್ನ ಅಜ್ಜ ಉಳಿಯಿಂದ ಕೊರೆದ ಹೆಸರು ಎಲ್ಲಿ ಎಂದು ಕೇಳಿದಳು. ಅದನ್ನು ತಿಕ್ಕಿ ಹಾಕಿದವನು ನಾನೇ.

ಕಲ್ಲಿನ ತೊಟ್ಟಿಗೆ ಆಯಿಲ್ ಪೇಂಟ್ ಹೊಡೆದಿದ್ದಾರೆ ಎಂದು ಫೋಟೋದಲ್ಲಿ ಕಾಣುತ್ತದೆ. ಆಸಿಡ್ ಹಾಕಿ ತೆಗೆಯಲು ಹೋಗಬೇಡಿ, ಕೆಲವು ಕಲ್ಲುಗಳನ್ನು ಅದು ತಿಂದುಬಿಡುತ್ತದೆ. ಒಂದು ಮೂಲೆಯಲ್ಲಿ ಪೇಂಟ್ ತೆಗೆಯುವ ಪೇಸ್ಟ್ ಹಚ್ಚಿ, ಬಿದಿರಿನ ಚಕ್ಕೆಯಿಂದ ಎತ್ತಿ ನೋಡಿ. ಕೆಳಗೆ ಯಾವ ಕಲ್ಲಿದೆ ಎಂದು ಕಂಡಮೇಲೆ ಒಂದು ಫೋಟೋ ಕಳಿಸಿ, ಸ್ಟ್ಯಾಂಡಿನ ತಳದ್ದೂ ಜೊತೆಗಿರಲಿ.